ಗೋಡೆಯ ದಪ್ಪ

ನಮ್ಮ ಮನೆಯ ನಕ್ಷೆ ತಯಾರಾದದ್ದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ನನ್ನ ಗಂಡ ಕತ್ತರಿ ಹಿಡಿಯುವವರು, ನಾನು ಮಿಷನ್ ತುಳಿಯುವವಳು. ಅವರು ತುಂಡು ಮಾಡಿದ್ದನ್ನು ನಾನು ಕೂಡಿಸುತ್ತೇನೆ. ಮದುವೆಯಾದಾಗಿನಿಂದ ಅಂಗಡಿಯೂ ಸಂಸಾರವೂ ಹೀಗೇ ನಡೆದುಕೊಂಡು ಬಂದಿವೆ. ಒಂದು ಭಾನುವಾರ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರು ಮೇಜಿನ ಮೇಲೆ ಖಾಕಿ ಕಾಗದ ಹಾಸಿದರು. ತೋಳು, ಕಾಲರುಗಳ ಅಚ್ಚು ತೆಗೆದಿಡುತ್ತೇವಲ್ಲ, ಅದೇ ಕಾಗದ. ಮೊದಲು ನಮ್ಮ ಸೈಟಿನ ಆಕಾರಕ್ಕೆ ಉದ್ದನೆಯ ಒಂದು ಹಾಳೆ ಕತ್ತರಿಸಿಕೊಂಡರು, ಅಡಿಗೆ ಒಂದಿಂಚಿನಂತೆ. ಆಮೇಲೆ ಕೋಣೆಗೊಂದು ತುಂಡು. ಎಡಗಡೆಯ ಸಾಲಿನಲ್ಲಿ ಬೀದಿಗೆ ಮುಖವಾಗಿ ಹೊಲಿಗೆ ಕೋಣೆ, ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ನಮ್ಮಿಬ್ಬರ ರೂಮು, ಕೊನೆಗೆ ಬಚ್ಚಲು, ಒಂದಿಷ್ಟು ಹಿತ್ತಲು. ಬಲಗಡೆಯಲ್ಲಿ ಮುಂದೆ ಹಾಲ್, ನಡುವೆ ನಮ್ಮತ್ತೆಯ ರೂಮು, ಕೊನೆಯಲ್ಲಿ ಮಗಳ ರೂಮು. ಎರಡು ಸಾಲಿನ ನಡುವೆ ಓಡಾಡಲು ಒಂದು ಓಣಿ. ತುಂಡುಗಳನ್ನು ಅತ್ತ ಇತ್ತ ಸರಿಸಿ, ತಿರುಗಿಸಿ, ಮತ್ತೆ ಸರಿಸಿ, ಕಡೆಗೆ ಅಂಚಿಗೆ ಅಂಚು ಕೂಡಿಸಿ ಕೂರಿಸಿಬಿಟ್ಟರು.

“ನೋಡೇ ಇಲ್ಲಿ. ಒಂದು ಚೂರು ವೇಸ್ಟಿದ್ರೆ ಹೇಳು.”

ನೋಡಿದೆ. ಕೆಳಗಿನ ಹಾಳೆ ನೂಲಿನೆಳೆಯಷ್ಟೂ ಕಾಣುತ್ತಿರಲಿಲ್ಲ. ಎರಡು ಅಂಗಿಯ ಬಟ್ಟೆ ಕೊಟ್ಟರೆ ಎರಡು ಅಂಗಿ ಎತ್ತಿ, ಮೇಲೆ ಮಗುವಿಗೊಂದು ಟೋಪಿಯನ್ನೂ ಎತ್ತಿಕೊಡುವ ಕೈ ಅದು. ನಾನೂ ಮೆಚ್ಚಿ ತಲೆಯಾಡಿಸಿದೆ. ಕೋಣೆಗೂ ಕೋಣೆಗೂ ನಡುವೆ ಗೋಡೆ ಅನ್ನುವುದೊಂದು ಬರುತ್ತದೆ, ಅದಕ್ಕೂ ಕೂರಲು ಜಾಗ ಬೇಕು ಅನ್ನುವುದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆಯುವುದಾದರೂ ಹೇಗೆ? ನಾವು ಗೋಡೆಗಳ ನಡುವೆ ಬಾಳಿದವರಲ್ಲ. ಅಂಗಡಿಯ ಹಿಂದಿದ್ದ ಉದ್ದನೆಯ ಒಂದೇ ಕೋಣೆಯಲ್ಲಿ ನಮ್ಮ ಇಡೀ ಸಂಸಾರ. ದರ್ಜಿಗಳ ಮನೆಯಲ್ಲಿ ಬಟ್ಟೆಗೇನು ಬರ? ತಂತಿ ಕಟ್ಟಿ, ಪರದೆ ಇಳಿಬಿಟ್ಟು, ಒಂದನ್ನು ಮೂರು ಮಾಡಿಕೊಂಡಿದ್ದೆವು. ಹಸಿರು ಪರದೆಯ ಆಚೆ ಅಡುಗೆ, ಹೂವಿನ ಪರದೆಯ ಆಚೆ ನಾವಿಬ್ಬರು, ನೀಲಿ ಪರದೆಯ ಆಚೆ ಅತ್ತೆ ಮತ್ತು ಮಗಳು. ಪರದೆಗೆ ದಪ್ಪವಿಲ್ಲ. ಎಷ್ಟು ಇಳಿಬಿಟ್ಟರೂ ಮನೆ ಒಂದಿಂಚು ಕಿರಿದಾಗುವುದಿಲ್ಲ. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ನಮ್ಮ ಪರದೆಗಳಿಗೆ ಕಿವಿ, ಬಾಯಿ, ಮೂಗು ಮೂರೂ ಇದ್ದವು. ಯಾರು ಮಗ್ಗುಲು ಬದಲಿಸಿದರು, ಯಾರ ಹೊಟ್ಟೆ ಗುಡುಗುಟ್ಟಿತು, ಯಾರು ಕದ್ದು ಬೆಲ್ಲ ಬಾಯಿಗೆ ಹಾಕಿಕೊಂಡರು, ಎಲ್ಲವೂ ಎಲ್ಲರಿಗೂ ಗೊತ್ತು.

ಬಾಗಿಲನ್ನು ತಟ್ಟಬಹುದು, ಪರದೆಯನ್ನು ತಟ್ಟಲಾಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ತಾನಾಗಿಯೇ ಹುಟ್ಟಿಕೊಂಡಿತ್ತು. ಪರದೆ ಸರಿಸುವ ಮುಂಚೆ ಅತ್ತೆ ಕೆಮ್ಮುತ್ತಿದ್ದರು. ಇವರು ಕೈಯಲ್ಲಿನ ಕತ್ತರಿಯನ್ನು ‘ಕಚ್ ಕಚ್’ ಎಂದು ಆಡಿಸುತ್ತಿದ್ದರು. ನಾನು ಕೊರಳಲ್ಲಿನ ಟೇಪಿನ ತುದಿಯಿಂದ ಪರದೆಗೆ ಒಂದೇಟು ಹಾಕುತ್ತಿದ್ದೆ. ಮಗಳು “ಬಂದೆ” ಅನ್ನುತ್ತಿದ್ದಳು. ಇದ್ಯಾವುದೂ ಅಪ್ಪಣೆ ಕೇಳುವುದಲ್ಲ, ಸುದ್ದಿ ಮುಟ್ಟಿಸುವುದು. ಸದ್ದು ಮುಗಿಯುವಷ್ಟರಲ್ಲಿ ಪರದೆ ಸರಿದಿರುತ್ತಿತ್ತು.

ಮನೆ ಕಟ್ಟಲೇಬೇಕು ಅಂತ ನನಗೆ ಅನ್ನಿಸಿದ್ದು ಒಂದು ಬಿಸಿಲಿನ ಮಧ್ಯಾಹ್ನ. ಕರೆಂಟು ಹೋಗಿ ಫ್ಯಾನು ನಿಂತಿತ್ತು. ನೂಲಿನ ಉಂಡೆ ತರಲು ಒಳಗೆ ಬಂದವಳು ನೋಡುತ್ತೇನೆ, ನೀಲಿ ಪರದೆ ಮೆಲ್ಲಗೆ ಅಲುಗುತ್ತಿದೆ. ಎಲ್ಲೂ ಗಾಳಿಯಿಲ್ಲ. ಹಸಿರು ಪರದೆ, ಹೂವಿನ ಪರದೆ ಎರಡೂ ಒದ್ದೆ ಗೋಣಿಯ ಹಾಗೆ ಸುಮ್ಮನೆ ನೇತುಬಿದ್ದಿವೆ. ನೀಲಿಯದು ಮಾತ್ರ ನಡುಗುತ್ತಿದೆ. ಟೇಪು ಬಡಿಯದೆ ಒಂದಂಚು ಸರಿಸಿದೆ. ಮಗಳು ಪರದೆಗೆ ಬೆನ್ನು ತಾಗಿಸಿ ಕೂತಿದ್ದಳು. ಮುಖದ ಒಂದು ಮಗ್ಗುಲು ಕಾಣುತ್ತಿತ್ತು. ಬಾಯಿ ಅಗಲವಾಗಿ ತೆರೆದಿತ್ತು, ಕೆನ್ನೆ ತೊಯ್ದಿತ್ತು, ಹೆಗಲು ಕುಲುಕುತ್ತಿತ್ತು. ಆದರೆ ಒಂದೆಳೆ ಸದ್ದಿಲ್ಲ. ಕೈಗೆಟುಕುವಷ್ಟು ದೂರದಲ್ಲಿ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿ ಗೊರಕೆ ಹೊಡೆಯುತ್ತಿದ್ದರು.

ಪರದೆಯನ್ನು ಹಾಗೇ ಬಿಟ್ಟು ಹಿಂದೆ ಬಂದೆ. ಯಾಕೆ ಅತ್ತಳು ಅಂತ ಕೇಳಲಿಲ್ಲ, ಇವತ್ತಿಗೂ ನನಗೆ ಗೊತ್ತಿಲ್ಲ. ಹದಿನೈದರ ವಯಸ್ಸಿನಲ್ಲಿ ಅಳಲು ಕಾರಣಗಳಿಗೇನು ಕಡಿಮೆ? ನನ್ನನ್ನು ಕೊರೆದದ್ದು ಕಾರಣವಲ್ಲ, ಕಲಿಕೆ. ಸದ್ದಿಲ್ಲದೆ ಅಳುವುದು ಒಂದೇ ದಿನಕ್ಕೆ ಬರುವ ವಿದ್ಯೆಯಲ್ಲ. ಗುಂಡಿಗೆ ಕಾಜಾ ಹೊಲಿಯುವ ಹಾಗೆ, ಎಷ್ಟೋ ಸಲ ಮಾಡಿ ಮಾಡಿ ಕೈ ಕೂತಿರಬೇಕು. ನನ್ನ ಮಗಳು ನನ್ನ ಕಣ್ಣೆದುರಿಗೇ ಅದನ್ನು ಕಲಿತಿದ್ದಳು, ನನಗೆ ಗೊತ್ತಾಗಿರಲಿಲ್ಲ.

ಆ ಸಂಜೆ ತರಕಾರಿ ಹೆಚ್ಚುತ್ತಾ ಹೇಳಿದೆ. “ಗುಬ್ಬೀ, ನಮ್ಮ ಸೈಟಲ್ಲಿ ಮನೆ ಕಟ್ಟಿಬಿಡೋಣ. ನಿಂಗೊಂದು ರೂಮು. ಬಾಗಿಲಿರೋ ರೂಮು.”

ಗುಬ್ಬಿ ಅನ್ನುವುದು ಅವಳ ಅಜ್ಜಿ ಇಟ್ಟ ಹೆಸರು. ಪುಸ್ತಕದಿಂದ ತಲೆ ಎತ್ತದೆ ಕೇಳಿದಳು, “ಚಿಲಕ?”

“ಇರುತ್ತೆ.”

“ಒಳಗಿಂದಾ?”

“ಒಳಗಿಂದಲೇ ಕಣೇ. ಹೊರಗಿಂದ ಹಾಕೋಕೆ ನೀನೇನು ಕೋಳೀನಾ?”

ಆಗ ತಲೆ ಎತ್ತಿದಳು. ನಕ್ಕಳು ಅನ್ನುವಂತಿಲ್ಲ, ಆದರೆ ಆ ಪುಟವನ್ನು ಮುಂದಕ್ಕೆ ಓದಲೂ ಇಲ್ಲ.

ಇವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವರಿಗೆ ಅವರದೇ ಆದ ಆಸೆಯಿತ್ತು. ತಮ್ಮ ತಾಯಿಗೆ ಒಂದು ಸ್ವಂತ ರೂಮು ಮಾಡಿಕೊಡಬೇಕು, ಬೀದಿಯ ಗಲಾಟೆಯಿಂದ ದೂರ, ಮನೆಯ ಒಳಭಾಗದಲ್ಲಿ, ನೆಮ್ಮದಿಯಾಗಿ ಮಲಗುವಂಥದ್ದು. ಗಿರಾಕಿಗಳಿಗೆಲ್ಲ ಹೇಳಿಕೊಂಡು ಬಂದರು, “ನಮ್ಮಮ್ಮನಿಗೆ ಬೇರೆ ರೂಮೇ ಕಟ್ಟಿಸ್ತಿದ್ದೀನಿ.”

ಕಚೇರಿಗೆ ಕೊಡುವ ನಕ್ಷೆ ಬೇರೆ, ಕಟ್ಟುವ ನಕ್ಷೆ ಬೇರೆ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಕಚೇರಿಗೆ ಯಾರೋ ಬರೆದ ಚೊಕ್ಕ ನಕ್ಷೆ ಹೋಯಿತು. ಮೇಸ್ತ್ರಿಯ ಕೈಗೆ ನಮ್ಮ ಖಾಕಿ ಕಾಗದ ಹೋಯಿತು. ಅವನು ಅದನ್ನು ಬಿಡಿಸಿ, ತಿರುಗಿಸಿ ನೋಡಿದ.

“ಇದೇನ್ ಸ್ವಾಮಿ, ಮನೇನಾ ಪೈಜಾಮಾನಾ?”

“ಅಳತೆ ಎಲ್ಲ ಬರೆದಿದೆ ನೋಡಿ. ಒಳಗಿನ ಅಳತೆ,” ಅಂದರು ಇವರು. “ಹಾಗೇ ಬರಬೇಕು. ಒಂದಿಂಚು ಆಚೀಚೆ ಆಗಬಾರದು.”

“ಆಯ್ತು ಬಿಡಿ. ನೀವು ಬರೆದ ಹಾಗೇ ಕಟ್ತೀನಿ.” ಬರೆದ ಹಾಗೇ ಕಟ್ಟಿದ, ಪಾಪ.

ಪಾಯ ತೋಡುವ ಹೊತ್ತಿಗೆ ಸರಿಯಾಗಿ ಶಾಲೆಗಳು ತೆರೆಯುವ ಕಾಲ ಬಂತು. ಆ ದಿನಗಳಲ್ಲಿ ದರ್ಜಿಗೆ ಉಸಿರೆಳೆಯಲೂ ಬಿಡುವಿಲ್ಲ. ಮೇಜಿನ ಮೇಲೆ, ಕೆಳಗೆ, ಅತ್ತೆಯ ಹಾಸಿಗೆಯ ಮೇಲೆ ಎಲ್ಲೆಲ್ಲೂ ಯೂನಿಫಾರ್ಮಿನ ರಾಶಿ. ಸೈಟಿನ ಕಡೆ ಹೋಗಿ ಬರುತ್ತಿದ್ದವರು ಅತ್ತೆ ಒಬ್ಬರೇ. ಹೋಗಿ ಏನು ಮಾಡುತ್ತಿದ್ದರು? ಗೇಟು ಬರಬೇಕಾದ ಜಾಗದಲ್ಲಿ ಇಟ್ಟಿಗೆ ರಾಶಿ ಇತ್ತು. ಅದರ ಮೇಲೆ ಚೀಲ ಹಾಸಿಕೊಂಡು ಕೂರುತ್ತಿದ್ದರು. ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದರು. ಆ ಬೀದಿಯಲ್ಲಿ ನಾವು ಕಾಲಿಡುವ ಮುಂಚೆಯೇ ಯಾರ ಮನೆಯ ಸೊಸೆ ಎಷ್ಟು ಹೊತ್ತಿಗೆ ಏಳುತ್ತಾಳೆ ಅನ್ನುವುದು ಅವರಿಗೆ ಗೊತ್ತಾಗಿತ್ತು.

“ಅತ್ತೆ, ನಿಮ್ಮ ರೂಮು ನೋಡಿದ್ರಾ? ಹೇಗೆ ಬಂದಿದೆ?” ಅಂತ ಕೇಳಿದರೆ, “ಗುಂಡಿ ಎಲ್ಲ ಒಂದೇ ಥರ ಕಾಣುತ್ತೆ ಕಣೇ,” ಅನ್ನುತ್ತಿದ್ದರು. ವಯಸ್ಸಾದವರು, ಕಲ್ಲುಮಣ್ಣಿನಲ್ಲಿ ಒಳಗೆ ಹೋಗಲು ಹೆದರಿರಬೇಕು ಅಂದುಕೊಂಡೆ.

ಯೂನಿಫಾರ್ಮಿನ ರಾಶಿ ಕರಗಿದ ಮೇಲೆ ಒಂದು ರಜೆಯ ಬೆಳಗ್ಗೆ ನಾಲ್ವರೂ ಹೋದೆವು. ಪಾಯ ಎದ್ದು ನಿಂತಿತ್ತು. ಮೊಣಕಾಲೆತ್ತರದ ಕಲ್ಲಿನ ಕಟ್ಟೆಗಳು, ನಡುನಡುವೆ ಕೆಂಪು ಮಣ್ಣು. ಅತ್ತೆ ತಮ್ಮ ಇಟ್ಟಿಗೆ ರಾಶಿ ಹಿಡಿದರು. ಮಗಳು ಕಟ್ಟೆ ಹತ್ತಿ, ಎರಡೂ ಕೈ ಚಾಚಿ, ಹಗ್ಗದ ಮೇಲೆ ನಡೆಯುವವಳ ಹಾಗೆ ನಡೆದಳು. “ಇದು ಹಾಲ್,” ಅಂದಳು. “ಇದು ಅಜ್ಜಿ.” ಇನ್ನೊಂದು ಕಟ್ಟೆ ದಾಟಿದಳು. “ಇದು ನಾ...”

ಅಲ್ಲಿಗೆ ಮಾತು ನಿಂತಿತು. ಹತ್ತಿರ ಹೋದೆ. ಅವಳು ಕೆಳಗೆ ಧುಮುಕಿ, ಸುತ್ತ ನೋಡಿ, ಮಣ್ಣಿನ ಮೇಲೆ ಅಂಗಾತ ಮಲಗಿಕೊಂಡಳು. ತಲೆ ಒಂದು ಕಟ್ಟೆಗೆ ತಾಗಿತು. ಕಾಲು ಚಾಚಲು ಹೋದರೆ ಪಾದ ಇನ್ನೊಂದು ಕಟ್ಟೆಗೆ ಬಡಿಯಿತು. ಮಂಡಿ ಮಡಚಿಕೊಂಡಳು. ಆಮೇಲೆ ಎದ್ದು ಅಡ್ಡಡ್ಡ ಮಲಗಿ ನೋಡಿದಳು. ಹಾಗೆ ಮಲಗಿದರೆ ಹೇಗೋ ಹಿಡಿಯುತ್ತಿದ್ದಳು. ಆದರೆ ಅಲ್ಲಿ ಮಂಚ ಹಾಕಿದರೆ ಬಾಗಿಲು ತೆರೆಯುವುದಿಲ್ಲ, ಬಾಗಿಲು ತೆರೆದರೆ ಮಂಚವಿಲ್ಲ.

“ಅಮ್ಮಾ,” ಅಂದಳು ಮಲಗಿದಲ್ಲಿಂದಲೇ. “ಇದು ರೂಮಾ?”

ಇವರು ಮೇಸ್ತ್ರಿಯನ್ನು ಕೂಗಿದರು. ಅವನು ಕೈ ಒರೆಸಿಕೊಳ್ಳುತ್ತಾ ಬಂದ.

“ಕೊನೇದು ಸ್ಟೋರ್ ರೂಮ್ ಅಲ್ವಾ ಸ್ವಾಮಿ?”

“ಯಾವ ಸ್ಟೋರ್ ರೂಮ್ರೀ! ಎಂಟಡಿ ಬರೆದಿದ್ದೆ ನಾನು!”

“ಎಂಟಡಿ ಬರೆದ್ರಿ ಸರಿ, ಗೋಡೆ ಎಲ್ಲಿ ಬರೆದ್ರಿ? ನಿಮ್ಮ ಅಳತೆ ಮುಂದಿನಿಂದ ಹಿಡ್ಕೊಂಡು ಬಂದೆ. ಮುಂದೊಂದು ಗೋಡೆ, ನಡುವೆ ಎರಡು, ಹಿಂದೊಂದು. ಒಂದೊಂದು ಮುಕ್ಕಾಲಡಿ. ಮೂರಡಿ ಗೋಡೇನೇ ತಿಂದುಹಾಕ್ತು. ಆ ಕಡೆ ಸಾಲಲ್ಲಿ ಹಿತ್ತಲು ಕಮ್ಮಿ ಆಯ್ತು, ಈ ಕಡೆ ಇದು ಕಮ್ಮಿ ಆಯ್ತು.”

“ಕೇಳಬಾರದಾ ಒಂದು ಮಾತು?”

“ಫೋನ್ ಮಾಡಿದ್ನಲ್ಲ! ಕೊನೇಲಿ ಕಮ್ಮಿ ಬೀಳುತ್ತೆ, ಪರವಾಗಿಲ್ವಾ ಅಂದೆ. ಹ್ಞೂಂ ಹ್ಞೂಂ ಅಂದ್ರಿ.”

ಯೂನಿಫಾರ್ಮಿನ ಕಾಲದಲ್ಲಿ ನನ್ನ ಗಂಡನ ಬಾಯಲ್ಲಿ ಹಗಲೆಲ್ಲ ಗುಂಡುಸೂಜಿ ಇರುತ್ತದೆ. ಗುಂಡುಸೂಜಿ ಕಚ್ಚಿಕೊಂಡ ಮನುಷ್ಯ ‘ಹ್ಞೂಂ’ ಬಿಟ್ಟು ಇನ್ನೇನನ್ನುತ್ತಾನೆ?

“ಬಾಗಿಲು ಹೊರಗಡೆಗೆ ತೆರೆಯೋ ಹಾಗೆ ಮಾಡಿದ್ರೆ?” ಅಂದೆ ನಾನು.

“ಓಣೀನೂ ಗೋಡೆ ತಿಂದಿದೆ ಅಕ್ಕ. ಇಬ್ಬರು ಎದುರಾದ್ರೆ ಒಬ್ಬರು ಹಿಂದಕ್ಕೆ ನಡೀಬೇಕು. ಅದರಲ್ಲಿ ಬಾಗಿಲು ಬೇರೆ ತೆರೆದ್ರೆ ಬಚ್ಚಲಿಗೆ ಹೋಗೋರು ಹಾರಿ ಹೋಗಬೇಕು.”

“ಸ್ವಲ್ಪ ಕಿತ್ತು, ಆ ಕಡೆ ಸರಿಸಿ...” ಅಂದರು ಇವರು.

“ಸೊಂಟ ಬಿಚ್ಚಿ ಹೊಲಿಯೋಕೆ ಇದು ಪ್ಯಾಂಟಲ್ಲ ಸ್ವಾಮಿ. ಪಾಯ.”

ಮಗಳು ಎದ್ದು ಜಡೆಯ ಮಣ್ಣು ಕೊಡವಿಕೊಂಡಳು. ಅವಳು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. “ಇರಲಿ ಬಿಡಮ್ಮ,” ಅಂದಳು. “ಬಾಗಿಲು ಬೇಡ. ಒಂದು ಪರದೆ ಹಾಕ್ಬಿಡಿ. ನಮಗೆ ಪರದೆಗೇನು ಬರ.”

ನನ್ನದೇ ಮಾತು. ಬಂದವರಿಗೆಲ್ಲ ನಗುತ್ತಾ ಹೇಳುತ್ತಿದ್ದ ಮಾತು. ಅವಳ ಬಾಯಲ್ಲಿ ಅದರ ರುಚಿಯೇ ಬೇರೆಯಿತ್ತು.

ಮನೆಗೆ ಬಂದವರೇ ಇವರು ಮತ್ತೆ ಖಾಕಿ ಕಾಗದ ಹಾಸಿದರು. ಈ ಸಲ ಗೋಡೆಗಳಿಗೂ ತುಂಡು ಕತ್ತರಿಸಿದರು, ಸೊಂಟಪಟ್ಟಿಯಂಥ ಸಣ್ಣ ಸಣ್ಣ ಪಟ್ಟಿಗಳು. ಅವನ್ನು ಕೋಣೆಗಳ ನಡುವೆ ತುರುಕುತ್ತಾ ಹೋದಂತೆ ಕೋಣೆಗಳು ಹಾಳೆಯ ಅಂಚು ದಾಟಿ ಹೊರಗೆ ಚಾಚಿಕೊಂಡವು. ಒಂದು ಮೂಲೆ ಒಳಗೆ ಹಾಕಿದರೆ ಇನ್ನೊಂದು ಮೂಲೆ ಹೊರಗೆ. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಬಟ್ಟೆ ಸಾಲದೆ ಬಂದಿತ್ತು.

“ಹೀಗೆ ಮಾಡೋಣ,” ಅಂದೆ. “ನಮ್ಮ ರೂಮು ಗುಬ್ಬಿಗೆ ಕೊಡೋಣ. ನಾವು ಹೊಲಿಗೆ ಕೋಣೇಲೇ ಮಲಗೋಣ.”

ಇವರು ಬಾಯಿ ತೆರೆಯುವ ಮುಂಚೆ ನೀಲಿ ಪರದೆಯ ಆಚೆಯಿಂದ ಮಗಳ ಉತ್ತರ ಬಂತು. “ಬೇಡ! ಹೊಸ ಮನೇಲೂ ನೀವು ಕತ್ತರಿ ಕೆಳಗೇ ಮಲಗ್ತೀರಾ? ಆಮೇಲೆ ಜೀವನಪೂರ್ತಿ ಅದನ್ನ ನಾನು ಕೇಳಬೇಕಾ?”

“ನಾನ್ಯಾಕೆ ಹೇಳ್ತೀನೇ?”

“ನೀನು ಹೇಳಲ್ಲ. ನಿಟ್ಟುಸಿರು ಬಿಡ್ತೀಯ.”

ಆಗಲೂ ಒಂದು ನಿಟ್ಟುಸಿರು ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ.

ಆಗ ಕೆಮ್ಮು ಕೇಳಿಸಿತು. ಅತ್ತೆ ಪರದೆ ಸರಿಸಿಕೊಂಡು ಬಂದರು. ಮೇಜಿನ ಹತ್ತಿರ ನಿಂತು ಕಾಗದದ ತುಂಡುಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಿರುಗಿ ಕೂಗಿದರು, “ಗುಬ್ಬೀ, ಅಂಗಡಿಗೆ ಹೋಗಿ ಒಂದು ಪ್ಯಾಕೆಟ್ ಉಪ್ಪು ತಗೊಂಬಾ.”

“ಉಪ್ಪಿದೆ ಅಜ್ಜಿ. ಮೂರು ಪ್ಯಾಕೆಟ್ ಇದೆ.”

“ನಾಲ್ಕಾಗಲಿ.”

ನಮ್ಮ ಮನೆಯಲ್ಲಿ ಗುಟ್ಟಿನ ಮಾತಾಡಬೇಕಾದರೆ ಒಬ್ಬರನ್ನು ಅಂಗಡಿಗೆ ಕಳಿಸಲೇಬೇಕು. ಅದಕ್ಕೇ ನಮ್ಮಲ್ಲಿ ಉಪ್ಪು ಯಾವತ್ತೂ ಖಾಲಿಯಾದದ್ದಿಲ್ಲ. ಮಗಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋದ ಮೇಲೆ ಅತ್ತೆ ಬೆರಳಿನಿಂದ ತಮ್ಮ ರೂಮಿನ ತುಂಡನ್ನು ಎತ್ತಿ ಪಕ್ಕಕ್ಕಿಟ್ಟರು. ಅದಕ್ಕೂ ಮಗಳ ರೂಮಿಗೂ ನಡುವಿದ್ದ ಗೋಡೆಯ ಪಟ್ಟಿಯನ್ನೂ ಎತ್ತಿ ಅದರ ಮೇಲಿಟ್ಟರು.

“ಇಷ್ಟು ತೆಗೆದ್ರೆ ಮುಗೀತಲ್ಲ. ಈ ಗೋಡೆ ಏಳಿಸಬೇಡ. ಎರಡೂ ಸೇರಿ ಗುಬ್ಬಿಗಾಗಲಿ. ನನ್ನ ಮಂಚ ಹಾಲಲ್ಲಿ ಒಂದು ಮೂಲೇಲಿರುತ್ತೆ. ಪರದೆ ಕಟ್ಟು.”

“ಅಮ್ಮ, ಸುಮ್ನಿರಮ್ಮ ನೀನು. ನಿನ್ನ ರೂಮಿಗೆ ಯಾರೂ ಕೈ ಹಚ್ಚಲ್ಲ. ಈ ಮನೆ ಕಟ್ಟಕ್ಕೆ ಹೊರಟಿದ್ದೇ ನಿನಗೊಂದು ರೂಮಾಗಲಿ ಅಂತ.”

“ನನ್ನ ಕೇಳಿದ್ಯಾ?”

“ಅದನ್ನೇನಮ್ಮ ಕೇಳೋದು?”

“ಗಿರಾಕಿ ಬಂದ್ರೆ ಜೇಬು ಎಡಕ್ಕಿರಲೋ ಬಲಕ್ಕಿರಲೋ ಅಂತ ಕೇಳ್ತೀಯ. ಹೆತ್ತ ತಾಯಿ ಎಲ್ಲಿ ಮಲಗ್ತಾಳೆ ಅಂತ ಕೇಳೋದು ಬೇಡ್ವಾ?”

ಅತ್ತೆ ಸ್ಟೂಲ್ ಎಳೆದುಕೊಂಡು ಕೂತರು.

“ಹೋದ ವರ್ಷ ನಿನ್ನ ತಂಗಿ ಮನೆಗೆ ಹೋಗಿದ್ನಲ್ಲ. ತಿಂಗಳಿರ್ತೀನಿ ಅಂತ ಹೋದೋಳು ನಾಲ್ಕನೇ ದಿನಕ್ಕೆ ಬಂದೆ. ಅಲ್ಲಿ ನೀರು ಒಗ್ಗಲಿಲ್ಲ ಅಂದೆ. ನೀರಿಗೇನಾಗಿತ್ತು, ಚೆನ್ನಾಗೇ ಇತ್ತು. ನಂಗೆ ಒಗ್ಗದೇ ಇದ್ದಿದ್ದು ಬಾಗಿಲು. ಪಾಪ, ಅವಳೂ ಪ್ರೀತಿಯಿಂದ್ಲೇ ಒಂದು ರೂಮು ಬಿಟ್ಟುಕೊಟ್ಲು, ‘ಆರಾಮಾಗಿ ಮಲಗಮ್ಮ’ ಅಂತ ಬಾಗಿಲು ಹಾಕ್ಕೊಂಡು ಹೋದ್ಲು. ಒಂದು ಪಾತ್ರೆ ಕೇಳಿಸಲ್ಲ, ಒಂದು ಉಸಿರು ಕೇಳಿಸಲ್ಲ. ನಾನು ಇದ್ದೀನೋ ಹೋಗಿದ್ದೀನೋ ಅಂತ ನಂಗೇ ಅನುಮಾನ ಬಂತು. ಕೆಮ್ಮಿ ನೋಡಿದೆ. ಯಾರೂ ‘ಏನಮ್ಮಾ’ ಅನ್ನಲಿಲ್ಲ.”

ಇಟ್ಟಿಗೆ ರಾಶಿಯ ಮೇಲೆ ಹಾಸಿದ್ದ ಆ ಚೀಲ ನನ್ನ ಕಣ್ಣ ಮುಂದೆ ಬಂತು. ಕಲ್ಲುಮಣ್ಣಿಗೆ ಹೆದರಿದವರಲ್ಲ ಅವರು. ತಮಗೆ ಬೇಕಾದ ಜಾಗವನ್ನು ಎಂದೋ ಹಿಡಿದು ಕೂತಿದ್ದರು. ಕೇಳಿದವರಿಲ್ಲ ಅಷ್ಟೆ.

“ಹಂಗಂತ ಮೊದಲೇ ಹೇಳಬಾರದಾ?” ಅಂದರು ಇವರು.

“ಊರಿಗೆಲ್ಲ ಸಾರಿಕೊಂಡು ಬಂದಿದ್ಯಲ್ಲೋ, ಅಮ್ಮನಿಗೆ ರೂಮು, ಅಮ್ಮನಿಗೆ ರೂಮು ಅಂತ. ಹೆಂಗೆ ಹೇಳಲಿ?”

“ಅದೇ ಅಮ್ಮ ನಾನೂ ಹೇಳೋದು. ಈಗ ಹಾಲಲ್ಲಿ ಮಲಗಿಸಿದ್ರೆ ಜನ ಏನಂತಾರೆ? ಮನೆ ಕಟ್ಟಿದ, ತಾಯಿನ ಮಾತ್ರ ಪರದೆ ಹಿಂದೇನೇ ಬಿಟ್ಟ ಅಂತಾರೆ.”

“ಜನ ಬಂದು ನನ್ನ ಮಂಚದಲ್ಲಿ ಮಲಗ್ತಾರಾ?”

ಇವರು ಆ ಖಾಕಿ ತುಂಡನ್ನು ಎತ್ತಿ ಮತ್ತೆ ಅದರ ಜಾಗದಲ್ಲೇ ಇಟ್ಟರು. “ಇಲ್ಲಮ್ಮ. ಏನೇ ಹೇಳು. ನಂಗೆ ಮನಸ್ಸು ಬರಲ್ಲ. ಗುಬ್ಬಿ ಇನ್ನೂ ಚಿಕ್ಕೋಳು, ಸ್ವಲ್ಪ ಹೊಂದ್ಕೊಳ್ತಾಳೆ.”

ಅತ್ತೆ ಒಮ್ಮೆ ಬಾಗಿಲ ಕಡೆ ನೋಡಿದರು. ದನಿ ತಗ್ಗಿಸಿದರು.

“ಹೊಂದ್ಕೊಂಡಾಗಿದೆ ಕಣೋ. ಅದೇ ನಂಗೆ ಸಂಕಟ. ನಿನ್ನ ಮಗಳು ಸದ್ದಿಲ್ಲದೆ ಅಳ್ತಾಳೆ. ಗೊತ್ತಾ ನಿಂಗೆ?”

ಇವರ ಕೈ ಕಾಗದದ ಮೇಲೆ ನಿಂತಿತು. ನನ್ನ ಮುಖ ನೋಡಿದರು. ನನಗೆ ಗೊತ್ತಿದೆ ಅನ್ನುವುದು ಅವರಿಗೆ ಅಲ್ಲಿ ಕಂಡಿರಬೇಕು. ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ ನಾನು.

“ನಾನು ಪಕ್ಕದಲ್ಲೇ ಇರ್ತೀನಲ್ಲ,” ಅಂದರು ಅತ್ತೆ. “ಅವಳು ಶುರು ಮಾಡಿದ ಕೂಡಲೇ ಆ ಕಡೆ ತಿರುಗಿ ಗೊರಕೆ ಹೊಡೀತೀನಿ. ಅಜ್ಜಿಗೆ ನಿದ್ದೆ ಅಂತ ಗೊತ್ತಾದ್ರೆ ಒಂಚೂರು ಸಡಿಲ ಬಿಡ್ತಾಳೆ ಮಗು. ನಂಗೆ ಗೊರಕೆ ಬರೋದೇ ಇಲ್ಲ ಕಣೋ. ನಿಮ್ಮಪ್ಪ ಹೊಡೀತಿದ್ರು, ಕೇಳಿ ಕೇಳಿ ಕಲ್ತಿದ್ದೀನಿ. ಇನ್ನೆಷ್ಟು ವರ್ಷ ಹೊಡೀಲಿ? ಗಂಟಲು ನೋಯುತ್ತೆ.”

ಆ ಗೊರಕೆಗೆ ನಾನು ಎಷ್ಟು ಸಲ ಗೊಣಗಿದ್ದೆ. ಒಂದು ಬಟ್ಟೆಯ ಆಚೆ ಈಚೆ ಇದ್ದುಕೊಂಡು, ಒಬ್ಬರ ಉಸಿರನ್ನೂ ಬಿಡದೆ ಕೇಳಿಸಿಕೊಂಡ ನಮಗೆ, ಕೇಳಿಸಬೇಕಾದದ್ದು ಮಾತ್ರ ಕೇಳಿಸಿರಲಿಲ್ಲ. ಕೇಳಿಸಿದವರು ಗೊರಕೆ ಹೊಡೆದು ಅದರ ಮೇಲೊಂದು ಪರದೆ ಎಳೆದಿದ್ದರು.

ಇವರು ಕತ್ತರಿಯನ್ನು ಎತ್ತಿದರು, ಇಟ್ಟರು. ಗುಂಡುಸೂಜಿಯ ಡಬ್ಬಿಯ ಮುಚ್ಚಳ ತೆಗೆದರು, ಹಾಕಿದರು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. “ಬಂದೆ,” ಅಂದಳು ಮಗಳು. ಉಪ್ಪಿನ ಪ್ಯಾಕೆಟ್ಟನ್ನು ಉಳಿದ ಮೂರರ ಪಕ್ಕಕ್ಕೆ ಇಟ್ಟು, ನಮ್ಮ ಮೂವರ ಮುಖ ನೋಡುತ್ತಾ ನಿಂತಳು.

ಇವರು ಸೀಮೆಸುಣ್ಣದ ಬಿಲ್ಲೆ ತೆಗೆದುಕೊಂಡರು. ಹಾಲಿನ ತುಂಡಿನ ಮೇಲೆ ಬಗ್ಗಿ, ಗಿರಾಕಿಯನ್ನು ಕೇಳುವ ದನಿಯಲ್ಲೇ ಕೇಳಿದರು, “ಮಂಚ ಯಾವ ಕಡೆಗೆ ಬರಲಿ ಅಮ್ಮ? ಕಿಟಕಿ ಕಡೆಗೋ, ಓಣಿ ಕಡೆಗೋ?”

“ಗೇಟು ಕಾಣಬೇಕು,” ಅಂದರು ಅತ್ತೆ. “ಮಿಷನ್ ಕೇಳಿಸಬೇಕು. ಅಡುಗೆಮನೇಲಿ ಏನು ಹುರೀತಿದ್ದಾರೆ ಅಂತ ಗೊತ್ತಾಗಬೇಕು.”

“ಅಷ್ಟೇನಾ? ತೋಳಿಗೆ ಕಸೂತಿ ಏನೂ ಬೇಡ್ವಾ?”

“ಕೊಬ್ಬು ನಿಂಗೆ,” ಅಂದರು ಅತ್ತೆ. ಇವರು ಬಿಳಿ ಗೆರೆ ಎಳೆದರು. ಅಷ್ಟು ಸೊಟ್ಟ ಗೆರೆಯನ್ನು ಅವರು ಬಟ್ಟೆಯ ಮೇಲೆ ಯಾವತ್ತೂ ಎಳೆದದ್ದಿಲ್ಲ.

ವಿಷಯ ತಿಳಿದ ಮೇಲೆ ಮಗಳು ಎರಡು ದಿನ ಮುಖ ಗಂಟಿಕ್ಕಿಕೊಂಡೇ ಇದ್ದಳು. ಕಡೆಗೆ ಅಜ್ಜಿಯನ್ನೇ ಕೇಳಿದಳು, “ನೀನು ನಂಗೋಸ್ಕರ ಬಿಟ್ಕೊಟ್ಯಾ ಅಜ್ಜಿ?”

“ನಿಂಗೋಸ್ಕರ ನಾನ್ಯಾಕೆ ಬಿಟ್ಕೊಡ್ಲಿ? ಹಾಲಲ್ಲಿ ಕೂತ್ರೆ ಟಿಕೆಟ್ ಇಲ್ಲದೆ ನಾಟಕ. ಆ ಮೂಲೇಲಿ ನಿಂಗೇನು ಸಿಗುತ್ತೆ? ಗೋಡೆ. ನೋಡ್ಕೊಂಡು ಕೂತಿರು.”

ಮೇಸ್ತ್ರಿಗೆ ಹೇಳಿದಾಗ ಅವನು ಮುಖ ಅರಳಿಸಿ, “ಒಂದು ಗೋಡೆ ಕಮ್ಮಿ ಅಂದ್ರೆ ನನಗೇನು ನೋವು?” ಅಂದ. ಏಳದ ಆ ಗೋಡೆಯ ಪಾಯ ನೆಲದ ಕೆಳಗೆ ಹಾಗೇ ಉಳಿಯಿತು, ಮೇಲೆ ನೆಲ ಹಾಸಿದರು. ಗುಡಿಸುವಾಗ ಒಂದೊಂದು ಸಲ ನನಗೆ ಅದರ ನೆನಪಾಗುತ್ತದೆ. ಇಲ್ಲೊಂದು ಗೋಡೆ ಮಲಗಿದೆ, ನಮಗಷ್ಟೇ ಗೊತ್ತು ಅನ್ನಿಸಿ ಪೊರಕೆ ತುಸು ಹಗುರವಾಗಿ ಆಡುತ್ತದೆ.

ಅತ್ತೆಯ ಪರದೆಗೆ ಬಟ್ಟೆ ಆರಿಸಿದ್ದು ಅತ್ತೆಯೇ. ನಾನು ದಪ್ಪನೆಯದನ್ನು ತೋರಿಸಿದರೆ ಬೆರಳಲ್ಲಿ ಹೊಸೆದು ನೋಡಿ, “ಇದು ಬೇಡ, ಕಿವಿಗೆ ಅಡ್ಡ ಬರುತ್ತೆ,” ಅಂದರು. ಕಡೆಗೆ ಕುಂಕುಮ ಬಣ್ಣದ ತೆಳು ಬಟ್ಟೆ ಒಪ್ಪಿದರು. ಇವರು ಕತ್ತರಿಸಿದರು, ನಾನು ಹೊಲಿದೆ. ಅಂಚನ್ನು ಎರಡು ಸಲ ಮಡಚಿ ಹೊಲಿದೆ, ನಮ್ಮ ಮನೆಯಲ್ಲಿ ಯಾವ ಪರದೆಗೂ ಅಷ್ಟು ಹೊತ್ತು ಕೊಟ್ಟದ್ದಿಲ್ಲ.

ಹೊಸ ಮನೆಗೆ ಬಂದು ವಾರವಾಗಿತ್ತು. ಒಂದು ಸಂಜೆ ಇವರು ಮಗಳ ಬಾಗಿಲ ಮುಂದೆ ನಿಂತು ‘ಕಚ್ ಕಚ್’ ಎಂದು ಕತ್ತರಿ ಆಡಿಸುತ್ತಿದ್ದರು. ಒಳಗಿಂದ ಉತ್ತರವಿಲ್ಲ. ಮತ್ತೆ ಆಡಿಸಿದರು, ಜೋರಾಗಿ.

“ಏನೋ, ಬಾಗಿಲು ಕತ್ತರಿಸ್ತೀಯಾ?” ಅಂದರು ಅತ್ತೆ, ಪರದೆಯ ಹಿಂದಿನಿಂದ.

“ಕೇಳಿಸ್ತಾ ಇಲ್ಲ ಅವಳಿಗೆ,” ಅಂದು ಇವರು ಪೆಚ್ಚಾಗಿ ಹೊಲಿಗೆ ಕೋಣೆಗೆ ಹೋದರು.

ಆಮೇಲೆ ನಾನು ಹೋದೆ. ಅವಳ ಮಡಚಿದ ಬಟ್ಟೆಗಳು ಒಂದು ಕೈಯಲ್ಲಿದ್ದವು. ಅಭ್ಯಾಸಬಲದಿಂದ ಟೇಪಿನ ತುದಿ ಎತ್ತಿದ ಕೈ ಅರ್ಧಕ್ಕೇ ನಿಂತಿತು. ಒಳಗಿಂದ ಹಾಡು ಕೇಳಿಸುತ್ತಿತ್ತು. ಮರದ ಬಾಗಿಲು ದಾಟಿ ಬರುವಷ್ಟು ಜೋರು, ಶ್ರುತಿಯೂ ಇಲ್ಲ ತಾಳವೂ ಇಲ್ಲ. ಒಂದು ಸಾಲನ್ನು ತಪ್ಪಾಗಿ ಹಾಡಿ, ತಾನೇ ನಕ್ಕು, ಮತ್ತೆ ಅದೇ ಸಾಲನ್ನು ಅದೇ ತಪ್ಪಿನೊಂದಿಗೆ ಹಾಡಿದಳು. ಇವಳು ಹಾಡುತ್ತಾಳೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಪರದೆಯ ಆ ಮನೆಯಲ್ಲಿ ಇದೂ ಸದ್ದಿಲ್ಲದೆಯೇ ನಡೆಯುತ್ತಿತ್ತೋ ಏನೋ.

ಎಷ್ಟು ಹೊತ್ತು ನಿಂತಿದ್ದೆನೋ.

“ಬೆರಳು ಮಡಚಿ ತಟ್ಟೇ,” ಅಂತ ಪಿಸುಗುಟ್ಟಿದರು ಅತ್ತೆ. “ಅದೂ ಹೇಳಿಕೊಡಬೇಕಾ?”

ತಟ್ಟಿದೆ. ಹಾಡು ನಿಂತಿತು.

“ಯಾರು?”

ಹೆತ್ತಾಗಿನಿಂದ ಅವಳು ನನ್ನನ್ನು ಹಾಗೆ ಕೇಳಿದ್ದಿಲ್ಲ.

“ನಾನು ಕಣೇ, ಅಮ್ಮ. ಬರಲಾ?”

“ಒಂದ್ನಿಮಿಷ.”

ಬಟ್ಟೆ ಹಿಡಿದುಕೊಂಡು ಕಾಯುತ್ತಾ ನಿಂತೆ. ಬೆನ್ನ ಹಿಂದೆ, ಕುಂಕುಮ ಬಣ್ಣದ ಪರದೆಯ ಆಚೆಯಿಂದ, ಅತ್ತೆಯ ಗೊರಕೆ ಶುರುವಾಯಿತು.